ಹೊಟ್ಟೆ ತುಂಬಿದವರ ಕ್ವಾಂಟಿಟಿ

೧೯೯೧ರಲ್ಲಿ ನನ್ನ ಶಾಲೆ ನಿಂತಿತು. ನಿಂತಿತು ಅನ್ನುವುದಕ್ಕಿಂತ ನಾನೇ ನಿಲ್ಲಿಸಿದೆ ಅನ್ನುವುದು ಸರಿ. ಬಿಜಾಪುರ ಜಿಲ್ಲೆಯ ನಮ್ಮೂರಿನ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಪಾಸಾಗಿ, ಕಲ್ಯಾಣದಲ್ಲಿ ಗೌಂಡಿ ಕೆಲಸ ಮಾಡುತ್ತಿದ್ದ ಅಪ್ಪನ ಹಿಂದೆ ಬಂದಿದ್ದೆ. ಅಲ್ಲಿಯ ಮರಾಠಿ ಶಾಲೆಯ ಹೆಡ್‌ಮಾಸ್ತರರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮರಾಠಿ ಬಾರದವನು ಮೂರನೆಯ ಇಯತ್ತೆಯಿಂದ ಶುರು ಮಾಡಬೇಕು ಅಂದರು. ಒಂದು ದಿನ ಕೂತು ನೋಡಿದೆ. ಬೆಂಚಿನ ಕೆಳಗೆ ನನ್ನ ಮೊಣಕಾಲು ಹಿಡಿಸಲಿಲ್ಲ. ಅಕ್ಕಪಕ್ಕದ ಪುಟ್ಟ ಹುಡುಗರು ನನ್ನನ್ನು ‘ಮಾಮಾ’ ಎಂದು ಕರೆದರು. ಮರುದಿನ ಅಪ್ಪನ ಜೊತೆ ಸಿಮೆಂಟ್ ಕಲಸಲು ಹೋದೆ. ಅದಕ್ಕಾಗಿ ಇವತ್ತಿಗೂ ನಾನು ಯಾರ ಮುಂದೆಯೂ ತಲೆ ಕೆಳಗೆ ಹಾಕುವವನಲ್ಲ.

ಆದ್ದರಿಂದ ನನ್ನ ಇಂಗ್ಲಿಷ್ ಶಾಲೆಯದಲ್ಲ, ಕೆಲಸದ ಜಾಗದ್ದು. ಸೆಂಟ್ರಿಂಗ್, ಸ್ಲ್ಯಾಬ್, ಆರ್ಡರ್, ಪಾರ್ಸಲ್, ಅಡ್ವಾನ್ಸ್, ಇವೆಲ್ಲ ಬಂದವು, ಬಂದು ಉಪಯೋಗಕ್ಕೆ ಬಿದ್ದವು. ಆ ಪೈಕಿ ಒಂದು ಶಬ್ದದ ಮೇಲೆ ಮಾತ್ರ ನನಗೆ ಸಿಟ್ಟು ಇದೆ. ಅದು ಕ್ವಾಂಟಿಟಿ.

ಮೊದಲ ಸಲ ಅದನ್ನು ಸರಿಯಾಗಿ ಕೇಳಿದ್ದು ೨೦೦೦ದ ಸುಮಾರಿಗೆ, ಥಾಣೆ ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ. ಕಟ್ಟಡದ ಕೆಲಸದಲ್ಲಿ ಬೆನ್ನು ನೋಯಿಸಿಕೊಂಡು, ಭಾರ ಎತ್ತದ ಕೆಲಸ ಬೇಕೆಂದು ಅಲ್ಲಿ ಬಡಿಸುವುದಕ್ಕೆ ಸೇರಿದ್ದೆ. ಮಾಲೀಕರು ಉಡುಪಿ ಕಡೆಯವರು. ಕೆಟ್ಟವರಲ್ಲ. ಮಧ್ಯಾಹ್ನದ ರೈಸ್ ಪ್ಲೇಟ್ ಹೊತ್ತಿನಲ್ಲಿ ಒಬ್ಬ ಗಿರಾಕಿಯ ಅನ್ನ ಮುಗಿದು ಬರೀ ಸಾಂಬಾರು ಉಳಿದಿದ್ದು ನೋಡಿ, ಅವನು ಕೇಳುವ ಮೊದಲೇ ನಾನು ಇನ್ನೊಂದು ಸೌಟು ಅನ್ನ ಹಾಕಿದೆ. ನಮ್ಮ ಕಡೆ ಹಾಗೆಯೇ. ಗಲ್ಲೆಯ ಮೇಲಿಂದ ಧ್ವನಿ ಬಂತು.

“ಹೋಯ್, ಕ್ವಾಂಟಿಟಿ ನೋಡಿ ಹಾಕು ಮಾರಾಯ. ಇದೆಂತ ನಿನ್ನ ಅಜ್ಜಿಮನೆಯಾ?”

ಅದೇ ವಾರ ಒಬ್ಬ ಹಳೆಯ ಗಿರಾಕಿ ಕೈ ತೊಳೆದು ಬರುತ್ತ ಅದೇ ಗಲ್ಲೆಯ ಮುಂದೆ ನಿಂತು, “ಅಣ್ಣಾ, ಆಜ್‌ಕಲ್ ಕ್ವಾಂಟಿಟಿ ಕಮ್ ಹೋ ಗಯಾ” ಅಂದ. ಮಾಲೀಕರು ನಕ್ಕು ಸೋಂಪು ಮುಂದಿಟ್ಟರು. ಒಂದೇ ಶಬ್ದ. ಗಲ್ಲೆಯ ಆಚೆ ಇದ್ದವನು ಆಡಿದರೆ ಇನ್ನಷ್ಟು ಕೊಡು ಎಂದು, ಈಚೆ ಇದ್ದವನು ಆಡಿದರೆ ಕೈ ಬಿಗಿ ಹಿಡಿ ಎಂದು. ಈ ಮುಂಬಯಿ ಸೀಮೆಯಲ್ಲಿ ಒಂದು ಹೋಟೆಲನ್ನು ಹೊಗಳಬೇಕಾದರೂ ಜನ ಕ್ವಾಂಟಿಟಿ ಚೆನ್ನಾಗಿದೆ ಅನ್ನುತ್ತಾರೆ. ಆಗ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ವ್ಯಾಪಾರ ಅಂದಮೇಲೆ ಎಳೆದಾಟ ಇದ್ದದ್ದೇ.

ಮದುವೆಯಾದ ಮೇಲೆ ಇನ್ನೊಬ್ಬರ ಸೌಟು ಹಿಡಿಯುವುದು ಸಾಕೆನಿಸಿತು. ೨೦೦೫ರಲ್ಲಿ ನವಿ ಮುಂಬಯಿಯ ತುರ್ಭೆಯಲ್ಲಿ, ಟ್ರಕ್ಕುಗಳು ನಿಲ್ಲುವ ಜಾಗದ ಹಿಂದೆ, ಒಂದು ಖೋಲಿ ಬಾಡಿಗೆಗೆ ಹಿಡಿದು ನಾನು, ನನ್ನ ಹೆಂಡತಿ ಖಾನಾವಳಿ ಹಾಕಿದೆವು. ಊಟಕ್ಕೆ ಬರುವವರು ಬಹುತೇಕ ಹಮಾಲರು. ಬಿಜಾಪುರ, ಕಲಬುರಗಿ, ರಾಯಚೂರು ಕಡೆಯವರು. ಬೆಳಗಿನಿಂದ ಗೋದಾಮುಗಳಲ್ಲಿ ಚೀಲ, ಪೆಟ್ಟಿಗೆ ಇಳಿಸಿ ಬೆನ್ನ ಮೇಲೆ ಬೆವರಿನ ಉಪ್ಪು ಕಟ್ಟಿಕೊಂಡು ಬರುವ ಜನ. ಜೋಳದ ರೊಟ್ಟಿ, ಒಂದು ಕಾಳಿನ ಪಲ್ಯ, ಶೇಂಗಾ ಚಟ್ನಿ, ಕೊನೆಗೆ ಅನ್ನ-ಸಾರು. ತಿಂಗಳ ಊಟ. ರೊಟ್ಟಿ ಎಣಿಸುವ ಪದ್ಧತಿ ಇಲ್ಲ. ಲಾರಿ ಖಾಲಿ ಮಾಡಿ ಬಂದವನು ಮನಸೋ ಇಚ್ಛೆ ತಿಂದ, ಜ್ವರ ಬಂದವನು ಅರ್ಧ ಮುರಿದು ಬಿಟ್ಟ, ಒಟ್ಟಿನಲ್ಲಿ ಸರಿಹೋಗುತ್ತಿತ್ತು. ಎಣಿಸಿ ಕೊಟ್ಟಿದ್ದರೆ ನಮ್ಮ ಅಂಗಡಿ ಒಂದು ತಿಂಗಳೂ ನಡೆಯುತ್ತಿರಲಿಲ್ಲ.

ನಮ್ಮಲ್ಲಿ ಬಡಿಸುವುದಕ್ಕೆ ಒಂದು ರೀತಿ ಇದೆ. ಅದನ್ನು ಇಲ್ಲಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಯಾರಿಗೂ ತಿಳಿಯುವುದಿಲ್ಲ. ಬಿಸಿ ರೊಟ್ಟಿ ಕೈಯಲ್ಲಿ ಹಿಡಿದುಕೊಂಡು ಪಂಕ್ತಿಯ ಮಧ್ಯೆ ಓಡಾಡಬೇಕು. “ಹಾಕ್ಲೇನ್ರಿ?” ಎಂದು ಕೇಳಬೇಕು. ಉಣ್ಣುವವನು “ಬ್ಯಾಡ್ರಿ, ಸಾಕ್ರಿ” ಅನ್ನುತ್ತಾನೆ. ಅದನ್ನು ಲೆಕ್ಕಕ್ಕೆ ಹಿಡಿಯಬಾರದು, ಹಾಕಬೇಕು. ಮತ್ತೊಮ್ಮೆ ಬಂದಾಗ ಅವನು ತಾಟಿನ ಮೇಲೆ ಒಂದು ಕೈ ಅಡ್ಡ ಹಿಡಿಯುತ್ತಾನೆ. ಆಗ ಆ ಕೈ ಸರಿಸಿ ಅರ್ಧವಾದರೂ ಹಾಕಬೇಕು. ಎರಡೂ ಕೈ ಚಾಚಿ ತಾಟಿನ ಮೇಲೆ ಬಾಗಿಬಿಟ್ಟನೆಂದರೆ ಮುಗಿಯಿತು, ಅವನ ಹೊಟ್ಟೆ ತುಂಬಿದೆ. ಮೊದಲ ಮಾತಿಗೇ ‘ಹಾಕು’ ಅಂದವನನ್ನು ನಮ್ಮ ಜನ ಬಿಡುವುದಿಲ್ಲ. ರಾಯಚೂರಿನಿಂದ ಹೊಸದಾಗಿ ಬಂದ ಒಬ್ಬ ತರುಣ ಹಸಿವು ತಡೆಯದೆ ಹಾಗೆ ಅಂದುಬಿಟ್ಟಿದ್ದ. ಆಮೇಲೆ ಅವನ ಹೆಸರೇ ‘ಹಾಕ್ರಿ’ ಆಯಿತು. ಗೋದಾಮಿನಲ್ಲಿ ಕೆಲಸ ಹಂಚುವ ಮರಾಠಿ ಮುಕಾದಮ ಕೂಡ “ಏ ಹಾಕ್ರಿ, ಇಕಡೇ ಯೇ” ಎಂದು ಕರೆಯುತ್ತಿದ್ದ. ಅವನ ಮದುವೆಗೆ ಊರಿಗೆ ಹೋದವರು ಅಲ್ಲಿಯೂ ಆ ಹೆಸರನ್ನು ಮುಟ್ಟಿಸಿ ಬಂದರು.

೨೦೧೨ರಲ್ಲಿ ತೊಂದರೆ ಶುರುವಾಯಿತು. ನಮ್ಮಲ್ಲಿ ಉಣ್ಣುತ್ತಿದ್ದವರಲ್ಲಿ ಹೆಚ್ಚಿನವರು ಕೆಲಸ ಮಾಡುತ್ತಿದ್ದ ಒಂದು ದೊಡ್ಡ ಗೋದಾಮಿನ ಕಂಪನಿ, ಮಧ್ಯಾಹ್ನದ ಊಟವನ್ನು ಒಳಗೇ ಕೊಡುತ್ತೇವೆ, ಯಾರೂ ಗೇಟಿನ ಹೊರಗೆ ಹೋಗಬೇಡಿ ಎಂದು ಹೊಸ ನಿಯಮ ಮಾಡಿತು. ನಮ್ಮ ಖೋಲಿ ಖಾಲಿ ಹೊಡೆಯತೊಡಗಿತು. ಆಗ ಕಾಕಾ ಬಂದರು. ಕಲಬುರಗಿ ಕಡೆಯ ಹಿರಿಯ ಹಮಾಲರು, ಎಲ್ಲರೂ ಅವರನ್ನು ಕಾಕಾ ಅನ್ನುವುದೇ. ಬಾಗಿಲಲ್ಲಿ ನಿಂತೇ ಹೇಳಿದರು.

“ಯಾರ್ಯಾರ್ದೋ ಕೈಯಾಂದು ಯಾಕ ಉಣ್ಬೇಕು? ನೀನೇ ಒಳಗ ಬಾ. ನಮ್ಮ ಮನಷ್ಯಾ ಇದ್ದಾನಂತ ನಾವೂ ಧೈರ್ಯಲೆ ಇರ್ತೇವು.”

ಹೋದೆ. ಕ್ಯಾಂಟೀನ್ ನೋಡಿಕೊಳ್ಳುವ ಅಧಿಕಾರಿ ಕನ್ನಡದವರೇ, ದಕ್ಷಿಣ ಕನ್ನಡದವರು, ನೆರೂಳದಲ್ಲಿ ಮನೆ. ನನಗೆ ಕುರ್ಚಿ ಹಾಕಿಸಿದರು, ಚಹಾ ತರಿಸಿದರು, ಕನ್ನಡದಲ್ಲಿ ಮಾತಾಡಲು ಒಬ್ಬ ಸಿಕ್ಕ ಎಂದು ಸಂತೋಷಪಟ್ಟರು. ಮಧ್ಯಾಹ್ನದ ಊಟದ ಗುತ್ತಿಗೆ ಕೊಟ್ಟರು. ಮೇಲಿಂದ ಒಂದು ಕಾಗದ ಕೊಟ್ಟರು: ಒಬ್ಬೊಬ್ಬರಿಗೆ ಎಷ್ಟು ರೊಟ್ಟಿ, ಯಾವ ಬಟ್ಟಲಿನಲ್ಲಿ ಎಷ್ಟು ಅನ್ನ, ಎಷ್ಟು ಪಲ್ಯ, ಸೌತೆಕಾಯಿ ಎಷ್ಟು ಹೋಳು.

“ಸಾಹೇಬ್ರ, ಇದು ಆಫೀಸಿನವರಿಗೆ. ಹಮಾಲರಿಗೆ ಎಷ್ಟು?” ಅಂದೆ.

“ಎಲ್ಲರಿಗೂ ಇದೇ. ಭೇದಭಾವ ಇಲ್ಲ ನಮ್ಮಲ್ಲಿ. ಡಯಟಿಶಿಯನ್ ನೋಡಿ ಮಾಡಿದ್ದು ಇದು.”

“ಅವ್ರಿಗೆ ಇದು ಎಲ್ಲಿ ಸಾಲಬೇಕ್ರಿ?”

ಅವರು ನಗುತ್ತ ನನ್ನ ಭುಜ ತಟ್ಟಿದರು. “ನೀವು ಕ್ವಾಂಟಿಟಿ ತಲೆಬಿಸಿ ಬಿಡಿ ಮಾರಾಯ್ರೆ. ಕ್ವಾಂಟಿಟಿಗಿಂತ ಕ್ವಾಲಿಟಿ ಮುಖ್ಯ ಅಲ್ವಾ? ಮತ್ತೆ ಯಾರಿಗಾದರೂ ಹೆಚ್ಚು ಬೇಕಿದ್ರೆ ಕೇಳ್ಲಿ, ಕೊಡುವ. ನಾನು ಬೇಡ ಅಂತ ಹೇಳಿದ್ದೇನಾ?”

ಈ ಮಾತನ್ನು ನಾನು ಆಮೇಲೆ ಎಷ್ಟು ಕಡೆ ಕೇಳಿದೆನೋ. ಡೊಂಬಿವಲಿಯಲ್ಲಿ ಒಂದು ಕನ್ನಡ ಸಮಾರಂಭಕ್ಕೆ ಹೋಗಿದ್ದಾಗ, ಊಟವಾದ ಮೇಲಿನ ಭಾಷಣದಲ್ಲಿ ಒಬ್ಬ ದೊಡ್ಡ ಮನುಷ್ಯರು ಬಾಯಿಯಲ್ಲಿ ಬೀಡಾ ಇಟ್ಟುಕೊಂಡೇ, ಜೀವನದಲ್ಲಿ ಕ್ವಾಂಟಿಟಿ ಮುಖ್ಯವಲ್ಲ ಎಂದು ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಎರಡು ಹೋಳಿಗೆ ಒಳಗೆ ಹೋದ ಮೇಲೆ ಯಾರಿಗೆ ಮುಖ್ಯ ಅನಿಸುತ್ತದೆ? ಆ ಮಾತನ್ನು ಊಟಕ್ಕೆ ಮೊದಲು ಹೇಳಿದ ಒಬ್ಬನನ್ನು ನಾನು ಈವರೆಗೆ ಕಂಡಿಲ್ಲ. ನನ್ನ ಮಗಳು ಇಂಗ್ಲಿಷ್ ಶಾಲೆಗೆ ಹೋಗುತ್ತಾಳೆ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ಕ್ವಾಂಟಿಟಿ ಅಂದರೆ ಪುಸ್ತಕದಲ್ಲಿ ಏನು ಬರೆದಿದೆ ಎಂದು ಅವಳನ್ನು ಕೇಳಿದೆ. “ಮ್ಹಣಜೇ ಕಿತೀ ತೇ, ಪಪ್ಪಾ” ಅಂದಳು. ಎಷ್ಟು ಅನ್ನುವುದು, ಅಷ್ಟೇ. ಸರಿ, ಎಷ್ಟು ಎಂಬುದು ಕೇಳುವ ಮಾತು. ಅದಕ್ಕೆ ಉತ್ತರ ಹೇಳಬೇಕಾದವನು ಉಣ್ಣುವವನು. ನೆರಳಲ್ಲಿ ಕೂತು, ಇನ್ನೊಬ್ಬನ ಹೊಟ್ಟೆಯ ಉತ್ತರವನ್ನು ಮೊದಲೇ ಬರೆದು ಟೈಪು ಮಾಡಿಸುವುದು ಯಾವ ನ್ಯಾಯ?

ಕ್ಯಾಂಟೀನಿನಲ್ಲಿ ಪಂಕ್ತಿಯೇ ಇರಲಿಲ್ಲ. ಸಾಲಾಗಿ ನಿಲ್ಲಬೇಕು, ಖಾನೆಗಳಿರುವ ಸ್ಟೀಲಿನ ತಾಟು ಮುಂದೆ ಹಿಡಿಯಬೇಕು, ಹಾಕಿಸಿಕೊಂಡು ಹೋಗಿ ಕೂರಬೇಕು. ಆಫೀಸಿನವರು ಅನ್ನ ಬಿಡುತ್ತಿದ್ದರು, ಸೌತೆಕಾಯಿ ಬಿಡುತ್ತಿದ್ದರು. ಹಮಾಲರ ಕಡೆಯ ತಾಟುಗಳು ತೊಳೆದ ಹಾಗೆ ಬರುತ್ತಿದ್ದವು. ಉಂಡಾದ ಮೇಲೂ ಅವರು ಸ್ವಲ್ಪ ಹೊತ್ತು ಖಾಲಿ ತಾಟಿನ ಮುಂದೆ ಕೂತಿರುತ್ತಿದ್ದರು. ಊರಿನ ರೂಢಿ, ಯಾರಾದರೂ ಬರುತ್ತಾರೇನೋ ಎಂದು. ಯಾರೂ ಬರುತ್ತಿರಲಿಲ್ಲ. ನನಗೆ ಬಡಿಸುವ ಕಟ್ಟೆಯ ಹಿಂದೆ ನಿಲ್ಲಬೇಕೆಂದು ಆಜ್ಞೆ ಇತ್ತು. ಕೇಳಿದರೆ ಕೊಡುವ ಅಂದಿದ್ದರಲ್ಲ, ಒಬ್ಬನೂ ಕೇಳಲಿಲ್ಲ. ಹೇಗೆ ಕೇಳಿಯಾರು? ‘ಹಾಕ್ರಿ’ಯ ಗತಿ ಎಲ್ಲರಿಗೂ ಗೊತ್ತಿತ್ತು.

ಕಾಕಾ ಒಂದು ದಿನ ತಾಟು ವಾಪಸು ಕೊಡುತ್ತ ಮೆಲ್ಲಗೆ ಅಂದರು. “ಏನೋ ಸಾಹುಕಾರ, ತಾಟಿಗೆ ಖಾನೆ ಭಾಳ ಅವ. ಹೊಟ್ಟಿ ಒಂದೇ ಅದ, ಅದಕ್ಕ ಏನ್ ಮಾಡೀದಿ?”

ಹಿಂದೆ ನಿಂತವನೊಬ್ಬ ನನ್ನ ಹೆಂಡತಿಯನ್ನೂ ಎಳೆದು ತಂದು ಸೇರಿಸಿದ. “ವೈನಿ ಗುಬ್ಬಿಗೋಳಿಗೆ ರೊಟ್ಟಿ ಬಡಿಲಿಕ್ಕ ಹತ್ತ್ಯಾರ, ಕಾಕಾ.”

ನಕ್ಕರು. ನಾನೂ ನಕ್ಕೆ. ಆದರೆ ಆ ರವಿವಾರ ವಸ್ತಿಯಲ್ಲಿ ನೀರಿನ ಸಾಲಿನಲ್ಲಿ ನನ್ನ ಹೆಂಡತಿಗೆ ಒಬ್ಬಾಕೆ ಮುಖದ ಮೇಲೆ ಕೇಳಿದಳಂತೆ, ನಿಮ್ಮವರು ಕಂಪನಿ ಜೊತೆ ಸೇರಿ ನಮ್ಮವರ ಹೊಟ್ಟೆ ಹೊಡೆಯುತ್ತಿದ್ದಾರಂತಲ್ಲ, ಮಹಡಿ ಕಟ್ಟಿಸುವವರಿದ್ದೀರೇನು ಎಂದು. ಹೆಂಡತಿ ಕೊಡ ತುಂಬದೆ ವಾಪಸು ಬಂದಳು. ಇದು ನನಗೆ ತಡೆಯಲಾಗದ ಮಾತು. ತುರ್ಭೆಯಲ್ಲಿ ನನಗೆ ಆಸ್ತಿ ಇಲ್ಲ, ಓದು ಇಲ್ಲ. ಇವನಲ್ಲಿ ಹೋದರೆ ಹೊಟ್ಟೆ ತುಂಬ ಉಣ್ಣಬಹುದು ಎಂಬ ಹೆಸರೊಂದು ಇತ್ತು. ಅದೂ ಹೋದರೆ ಇನ್ನು ಯಾವ ಮುಖ ಹೊತ್ತು ಆ ಗಲ್ಲಿಯಲ್ಲಿ ನಡೆಯಲಿ?

ಅಧಿಕಾರಿಗಳ ಹತ್ತಿರ ಹೋಗಿ ನೇರವಾಗಿ ಹೇಳಿದೆ: ಜನ ಅರೆಹೊಟ್ಟೆಯಲ್ಲಿ ಏಳುತ್ತಿದ್ದಾರೆ. ಅವರು ಬೇಸರಿಸಲಿಲ್ಲ. “ಹಾಗಾದ್ರೆ ನಾನೇ ಕೇಳಿ ನೋಡ್ತೇನೆ, ಬನ್ನಿ” ಎಂದು ಮಧ್ಯಾಹ್ನ ನನ್ನ ಜೊತೆಗೇ ಬಂದರು. ಹಮಾಲರ ಬೆಂಚುಗಳ ಮಧ್ಯೆ ಕೈ ಹಿಂದೆ ಕಟ್ಟಿಕೊಂಡು ಒಬ್ಬೊಬ್ಬರನ್ನೇ ಕೇಳಿದರು. ಪ್ರೀತಿಯಿಂದಲೇ ಕೇಳಿದರು, ಸುಳ್ಳು ಹೇಳಬಾರದು.

“ಊಟ ಸಾಕಾಯ್ತಾ?”

“ಸಾಕಾತ್ರಿ ಸಾಹೇಬ್ರ.”

“ಇನ್ನೂ ಬೇಕಿತ್ತಾ? ನಾಚಿಕೆ ಬೇಡ, ಹೇಳಿ.”

“ಬ್ಯಾಡ್ರಿ ಬ್ಯಾಡ್ರಿ. ಭಾಳ ಆತು.”

ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅದೇ. ಕಾಕಾ ಇದ್ದಾರಲ್ಲ ಎಂದು ನಾನು ಧೈರ್ಯ ಹಿಡಿದೆ. ಕಾಕಾ ಎದ್ದು ನಿಂತು, ಹೊಟ್ಟೆಯ ಮೇಲೆ ಕೈಯಾಡಿಸಿ, ಬಾರದ ತೇಗು ತರಿಸಿಕೊಂಡು, “ಹೊಟ್ಟಿ ತುಂಬ್ಯದ್ರಿ ಯಪ್ಪಾ” ಅಂದರು.

ಅಧಿಕಾರಿಗಳು ನನ್ನ ಕಡೆ ತಿರುಗಿದರು. “ನೋಡಿ. ನಿಮ್ಮದೇ ಏನೋ ಸಂಶಯ.”

ಆ ಹೊತ್ತಿನಲ್ಲಿ ನನ್ನ ಕೈಯಲ್ಲಿದ್ದ ಸೌಟನ್ನು ಯಾರ ತಲೆಯ ಮೇಲೆ ಹಾಕಬೇಕೆಂದು ತಿಳಿಯಲಿಲ್ಲ. ಸಂಜೆ ಗೇಟಿನ ಹೊರಗೆ ಕಾಕಾರನ್ನು ಅಡ್ಡಗಟ್ಟಿದೆ.

“ಕಾಕಾ, ನನ್ನ ಮರ್ಯಾದಿ ತಗದಿ. ಯಾಕ ಹಂಗಂದಿ?”

“ಮತ್ತ ಏನನ್ಬೇಕೋ? ಎಲ್ಲಾರ ಮುಂದ ಭಿಕ್ಷಾ ಬೇಡ್ಲೇನು? ಸಾಕೇನು ಅಂದಾ, ಸಾಕಂದೆ. ಅದೇನು ಕೇಳೂ ರೀತಿ? ಅವನ ಕೈಯಾಗ ಏನರ ಇತ್ತೇನು? ಒಂದು ರೊಟ್ಟಿ ಇತ್ತಾ? ಬರಿಗೈಲೆ ಬಂದು ಕೇಳ್ತಾನ, ಹೌದಂದ್ರ ಎಲ್ಲಿಂದ ಹಾಕಾಂವಿದ್ದ?”

ಕೈಯಲ್ಲಿ ಅನ್ನ ಇಲ್ಲದೆ ಊಟ ಸಾಕಾಯಿತೇ ಎಂದು ಕೇಳುವುದನ್ನು ನಮ್ಮ ಜನ ಕೇಳುವುದು ಎಂದೇ ಹಿಡಿಯುವುದಿಲ್ಲ. ಮರುದಿನ ಇದೆಲ್ಲವನ್ನೂ ಅಧಿಕಾರಿಗಳಿಗೆ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ನಮ್ಮ ಊರಲ್ಲೂ ಒತ್ತಾಯ ಮಾಡುವ ಕ್ರಮ ಉಂಟು. ಮದುವೆ ಊಟಕ್ಕೆ ಅದು ಚಂದ. ಇದು ಮದುವೆ ಅಲ್ಲ, ಕ್ಯಾಂಟೀನ್. ದಿನಾ ಎಷ್ಟು ಅನ್ನ ಡಸ್ಟ್‌ಬಿನ್ನಿಗೆ ಹೋಗ್ತದೆ ನೀವೇ ನೋಡ್ತೀರಿ. ಬೇಕಾದವ ಬೇಕು ಅನ್ನಬೇಕು. ಅದಕ್ಕೆಂತ ನಾಚಿಕೆ?”

“ಬಿಡಾವ್ರು ಆ ಕಡೆಯವರು, ಸಾಹೇಬ್ರ. ಕಡಿಮಿ ಮಾಡೂದು ಈ ಕಡೆಯವರಿಗಾ?”

“ನಾನು ಯಾರಿಗೂ ಕಡಿಮೆ ಮಾಡಿಲ್ಲ. ಎಲ್ಲರಿಗೂ ಸಮಾನ.”

ಸಮಾನ. ಎಸಿ ಖೋಲಿಯಲ್ಲಿ ಬೆರಳು ಆಡಿಸುವವನಿಗೂ, ಬೆಳಗಿನಿಂದ ಲಾರಿಗಳ ಬೆನ್ನಿಗೆ ಬೆನ್ನು ಕೊಟ್ಟವನಿಗೂ ಒಂದೇ ಬಟ್ಟಲು, ಅದರ ಹೆಸರು ಸಮಾನ. ಇದನ್ನು ಕೇಳಿ ಬಂದ ದಿನ ನಾನು ಮಾತಾಡುವುದನ್ನು ಬಿಟ್ಟೆ. ಮರುದಿನ ಮನೆಯಿಂದ ಒಂದು ಬುಟ್ಟಿ ರೊಟ್ಟಿ ಜಾಸ್ತಿ ಒಯ್ದೆ, ನನ್ನ ಸ್ವಂತ ಹಿಟ್ಟಿನದು. ಕಟ್ಟೆ ದಾಟಿ ಹೊರಗೆ ಬಂದು, ಬುಟ್ಟಿಯನ್ನು ಮೊಣಕೈಗೆ ಸಿಕ್ಕಿಸಿಕೊಂಡು ಹಮಾಲರ ಬೆಂಚುಗಳ ಮಧ್ಯೆ ನಡೆದೆ.

“ಹಾಕ್ಲೇನ್ರಿ?”

“ಬ್ಯಾಡೋ, ಸಾಕೋ.”

ಹಾಕಿದೆ. ಕೈ ಅಡ್ಡ ಬಂದವು, ಸರಿಸಿ ಹಾಕಿದೆ. ಕಾಕಾ, “ಏ ಬಿಡೋ ಮಾರಾಯಾ, ಕೊಲ್ತಿಯೇನು?” ಎಂದು ಬೈಯುತ್ತಲೇ ಎರಡು ಹಾಕಿಸಿಕೊಂಡರು. ಬುಟ್ಟಿ ತಳ ಕಂಡ ಮೇಲೆಯೇ ಎರಡು ಕೈಗಳು ತಾಟಿನ ಮೇಲೆ ಬಂದದ್ದು. ಡಯಟಿಶಿಯನ್ ಆ ದಿನ ಅಲ್ಲಿ ಇರಬೇಕಿತ್ತು.

ಮಳೆಗಾಲ ಹಿಡಿಯುವವರೆಗೆ ಹೀಗೆ ನಡೆಯಿತು. ಆಮೇಲೆ ಆಫೀಸಿನ ಕಡೆಯಿಂದ ದೂರು ಹೋಯಿತು, ಅವರ ಸಾಲಿಗೆ ಹೆಚ್ಚು ಕೊಡುತ್ತಾನೆ, ನಮ್ಮ ಸಾಲಿಗೆ ಬರುವುದೇ ಇಲ್ಲ ಎಂದು. ಅನ್ನ ಬಿಡುವವರೇ ಮಾಡಿದ ದೂರು. ಅಧಿಕಾರಿಗಳು ಕರೆಸಿದರು. ಈ ಸಲವೂ ಕುರ್ಚಿ ಹಾಕಿಸಿದರು.

“ನಿಮ್ಮ ಮನಸ್ಸು ಒಳ್ಳೆಯದು, ನಂಗೆ ಗೊತ್ತುಂಟು. ಆದ್ರೆ ಕ್ವಾಂಟಿಟಿ ಕಾಗದದಲ್ಲಿ ಇದ್ದ ಹಾಗೆ ಇರ್ಬೇಕು. ಇಲ್ಲಾಂದ್ರೆ ನಾನು ಮೇಲಿನವರಿಗೆ ಉತ್ತರ ಕೊಡುವುದು ಹೇಗೆ?”

“ನಾನು ಕೆಳಗಿನವರಿಗೆ ಉತ್ತರ ಕೊಡಬೇಕಲ್ಲರಿ.”

“ಹಾಗಾದ್ರೆ ಕಷ್ಟ ಉಂಟು” ಅಂದರು.

ಮನೆಗೆ ಬಂದು, ಗುತ್ತಿಗೆ ಬಿಡುತ್ತೇನೆ ಎಂದು ಹೆಂಡತಿಗೆ ಹೇಳಿದೆ. ಅವಳು ಒಲೆಯ ಮುಂದಿನಿಂದ ಏಳಲೂ ಇಲ್ಲ. “ಬಿಟ್ರ ಅವರೇನು ಉಪವಾಸ ತಪ್ಪಿಸ್ಕೊಂತಾರ? ಇನ್ನೊಬ್ಬಾಂವ ಬರ್ತಾನ, ಅಂವಾ ಆ ಕಾಗದದ ಪ್ರಕಾರ ಹಾಕ್ತಾನ.”

“ಹಾಕ್ಲಿ. ನನ್ನ ಕೈಲೆ ಆಗೂದಿಲ್ಲ.”

“ನಿಮ್ಮ ಕೈ ಉಳೀತು. ಅವರ ಹೊಟ್ಟಿ?” ಅವಳು ರೊಟ್ಟಿ ತಿರುವಿ ಹಾಕಿದಳು. “ರೊಟ್ಟಿ ಗೇಟಿನ ಒಳಗ ಹೋಗ್ಬಾರ್ದು ಅಂತೇನರ ಹೇಳ್ಯಾರೇನು? ನೀವು ಹೋಗ್ಬಾರ್ದು, ಅಷ್ಟ ಹೌದಲ್ಲ?”

ಅವಳ ಮಾತಿನಂತೆಯೇ ನಡೆಯಿತು. ನಾನು ಗುತ್ತಿಗೆ ಬಿಟ್ಟೆ, ಖೋಲಿಯ ಬಾಗಿಲು ಮತ್ತೆ ಬೆಳಿಗ್ಗೆಯೇ ತೆರೆದೆ. ಕೆಲಸಕ್ಕೆ ಹೋಗುವಾಗ ಒಬ್ಬೊಬ್ಬರೂ ಬಟ್ಟೆಯಲ್ಲಿ ಕಟ್ಟಿದ, ಒಣಗಿಸಿದ ಕಟಕ ರೊಟ್ಟಿ, ಚಟ್ನಿಪುಡಿ ಒಯ್ಯತೊಡಗಿದರು. ಯಾರಿಗೆ ಎಷ್ಟು ಬೇಕೆಂದು ಹೆಂಡತಿಗೆ ಮುಖ ನೋಡಿದರೆ ತಿಳಿಯುತ್ತಿತ್ತು, ಸಾಕು ಅಂದವನಿಗೆ ಇನ್ನೆರಡು ಸೇರಿಸಿಯೇ ಗಂಟು ಬಿಗಿಯುತ್ತಿದ್ದಳು. ಮಧ್ಯಾಹ್ನ ಕ್ಯಾಂಟೀನಿನ ಖಾನೆ ತಾಟನ್ನು ಮುಂದಿಟ್ಟುಕೊಂಡು, ಗಂಟು ಬಿಚ್ಚಿ, ರೊಟ್ಟಿ ಮುರಿದು, ಕಂಪನಿಯ ಊಟವನ್ನು ನಂಜಿಕೊಂಡು ಉಣ್ಣುತ್ತಿದ್ದರು. ಕಾಕಾ ಅದಕ್ಕೆ ‘ಕಂಪನಿ ಉಪ್ಪಿನಕಾಯಿ’ ಎಂದು ಹೆಸರಿಟ್ಟಿದ್ದರು. ನೀರಿನ ಸಾಲಿನಲ್ಲಿ ನನ್ನ ಹೆಂಡತಿಯನ್ನು ಮುಖದ ಮೇಲೆ ಕೇಳಿದ್ದಳಲ್ಲ, ಅವಳೇ ಬಂದು ರೊಟ್ಟಿ ಬಡಿಯುವ ಕೆಲಸ ಇದೆಯೇ ಎಂದು ಕೇಳಿ ಸೇರಿಕೊಂಡಳು.

ಆ ವರ್ಷದ ಕೊನೆಗೆ ಕಂಪನಿಯ ಗೋಡೆಯ ಮೇಲೆ ಒಂದು ಬೋರ್ಡು ಹಾಕಿದರಂತೆ. ಕಾಮಗಾರರು ಊಟದ ಕ್ವಾಂಟಿಟಿಯಿಂದ ತೃಪ್ತರಾಗಿದ್ದಾರೆ, ಒಬ್ಬರೂ ಹೆಚ್ಚು ಕೇಳಿಲ್ಲ ಎಂದು ಇಂಗ್ಲಿಷಿನಲ್ಲಿ. ಓದಿ ಹೇಳಿದವನು ಅಲ್ಲಿಯ ಸೆಕ್ಯುರಿಟಿಯವನು. ಹಮಾಲರು ನಕ್ಕರು. ನನಗೆ ನಗು ಬರಲಿಲ್ಲ, ಇವತ್ತಿಗೂ ಬರುವುದಿಲ್ಲ. ನಮ್ಮ ಹಿಟ್ಟು, ನಮ್ಮ ಹೆಂಗಸರ ಕೈ, ಅವರ ಬೋರ್ಡು. ಆ ಅಧಿಕಾರಿಗಳಿಗೆ ಆಮೇಲೆ ಬಡ್ತಿ ಸಿಕ್ಕು ಬೇರೆ ಕಡೆ ಹೋದರೆಂದು ಕೇಳಿದೆ. ಅವರು ಇಂದಿಗೂ ತಾವು ಮಾಡಿದ್ದು ಸರಿ ಎಂದೇ ತಿಳಿದಿರಬಹುದು. ಕೇಳಿದ್ದು ನಿಜ, ಸಾಕು ಎಂದು ಉತ್ತರ ಬಂದದ್ದೂ ನಿಜ. ತಪ್ಪು ಎಲ್ಲಿ ಎಂದು ಅವರನ್ನು ಒಪ್ಪಿಸುವುದು ನನ್ನಿಂದ ಆಗಲಿಲ್ಲ.

ಇದು ೨೦೧೮. ಈಗ ನನ್ನಲ್ಲಿ ಇರುವುದು ಇಷ್ಟು: ಬಾಡಿಗೆಯ ಎರಡು ಖೋಲಿ, ನಾಲ್ಕು ಹಂಚು, ಹೆಂಡತಿ ಸೇರಿ ರೊಟ್ಟಿ ಬಡಿಯುವ ಆರು ಜನ ಹೆಣ್ಣುಮಕ್ಕಳು, ಹತ್ತನೆಯ ಇಯತ್ತೆಯಲ್ಲಿ ಓದುವ ಒಬ್ಬ ಮಗಳು, ಒಂದು ಹಳೆಯ ಸೈಕಲ್, ಮತ್ತು ಬೆಳಿಗ್ಗೆ ಗಂಟು ಒಯ್ಯುವ ಎಂಬತ್ತು ಜನ.